ಹಳೆಯ ಜೀಪಿನ ಎಂಜಿನ್ನೂ ಹೊಳೆಯ ದೋಣಿಯೂ

(ಶಹಾಬಾದಿನಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಿಂದಲೂ ಸಂಗಾತಿಗಳು ಬಂದಿದ್ದರು.)



ಇಂದಿನ ಸಭೆಯಲ್ಲಿ ರಾಜಕೀಯ ಭಾಷಣ ಮಾಡೆಂದು ನನ್ನನ್ನು ಯಾರೂ ಕರೆಯಲಿಲ್ಲ. ಮೂವತ್ತು ವರ್ಷ ಪಾನಾ ಹಿಡಿದವನು ನಾನು, ಕರೆದದ್ದೂ ಅದಕ್ಕಾಗಿಯೇ. ಹೊಳೆಯ ದಂಡೆಯ ಹಳ್ಳಿಯಿಂದ ಬಂದ ಕೆಲವರು ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟಿದ್ದಾರೆ. ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಜೀಪು ಬಿದ್ದಿದೆ. ಚಾಸಿ ತುಕ್ಕು ತಿಂದಿದೆ, ಎಂಜಿನ್ನು ತಿರುಗುತ್ತದೆ. ಅದನ್ನು ಕಳಚಿ ಒಂದು ದೋಣಿಗೆ ಕೂಡಿಸಿಕೊಟ್ಟರೆ ಮಳೆಗಾಲದಲ್ಲಿ ಊರಿಗೆ ದಾರಿಯಾಗುತ್ತದೆಯೆ? ಇದು ಅವರ ಪ್ರಶ್ನೆ. ಚಂದಾ ಎತ್ತಲು ಅವರು ಸಿದ್ಧರಿದ್ದಾರೆ. ಕೈಕೆಲಸ ನಮ್ಮಿಂದ ಆಗಬೇಕೆಂದು ಕೇಳುತ್ತಿದ್ದಾರೆ.

ಆಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆಗುವುದಿಲ್ಲ ಎಂದರೆ ಎದ್ದು ಹೋಗುತ್ತೀರಿ. ನಾನು ಎರಡನ್ನೂ ಹೇಳುವುದಿಲ್ಲ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗುವುದನ್ನು ಯಾರ ಕೈಯಲ್ಲಿ ಇಡಬೇಕು ಎಂಬ ಮೂರು ಮಾತು ಹೇಳಿ ಮುಗಿಸುತ್ತೇನೆ.

ನಮ್ಮ ಹೊಳೆಗಳ ಸ್ವಭಾವ ನಿಮಗೆ ಗೊತ್ತಿದೆ. ತೆಲಂಗಾಣದ ಕಡೆಯಿಂದ ಬರುವ ಕಾಗಿಣಾ ಸೇಡಂ ತಾಲ್ಲೂಕನ್ನು ಹಾದು, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಚಿತ್ತಾಪುರ ಶಹಾಬಾದುಗಳ ಸೀಮೆ ದಾಟಿ, ಹೊನಗುಂಟಾದ ಹತ್ತಿರ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಮುಲ್ಲಾಮಾರಿಯೂ ಬೆಣ್ಣೆತೊರೆಯೂ ಅದಕ್ಕೇ ಬಂದು ಸೇರುತ್ತವೆ. ಬೇಸಿಗೆಯಲ್ಲಿ ಎಮ್ಮೆ ಮೈ ತೋಯಿಸಿಕೊಳ್ಳಲೂ ನೀರಿರುವುದಿಲ್ಲ. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಸೇತುವೆಯ ಮೇಲೆ ನೀರು. ದಂಡೋತಿಯ ಹತ್ತಿರ ರಸ್ತೆ ಬಂದ್ ಆಗುವುದು ಹೊಸ ಸುದ್ದಿಯಲ್ಲ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಉತ್ತರಾದಿ ಮಠದೊಳಗೆ ನುಗ್ಗಿತು. ಭೀಮೆಯ ದಂಡೆಯ ಹಳ್ಳಿಗಳ ಜನರನ್ನು ಹೊರತರಲು ಸೈನ್ಯವನ್ನೇ ಕರೆಯಬೇಕಾಯಿತು.

ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣೆಯ ನಡುಗಡ್ಡೆಯ ಹಳ್ಳಿಯೊಂದರಲ್ಲಿ, 2014ರಲ್ಲಿ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿದ ಹೊಳೆಯನ್ನು ಈಜಿ ದಾಟಿ ಆಸ್ಪತ್ರೆಯ ದಾರಿ ಹಿಡಿದಳು. ಪತ್ರಿಕೆಗಳು ಅವಳ ಧೈರ್ಯವನ್ನು ಹೊಗಳಿದವು. ನಾವೂ ಹೊಗಳೋಣ. ಆದರೆ ಆ ಹೆಣ್ಣುಮಗಳಿಗೆ ಬೇಕಾಗಿದ್ದದ್ದು ಹೊಗಳಿಕೆಯೋ, ಒಂದು ದೋಣಿಯೋ? ಇಂದು ನಮ್ಮ ಮುಂದಿರುವ ಪ್ರಶ್ನೆಯ ತೂಕ ಇಷ್ಟಿದೆ.

ಈಗ ಎಂಜಿನ್ನಿಗೆ ಬರೋಣ.

ಜೀಪು ಯುದ್ಧಕ್ಕಾಗಿ ಹುಟ್ಟಿದ ಗಾಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಅದನ್ನು ಮಾಡಿತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಸುಮಾರು 2,200 ಸಿಸಿ, ನಿಮಿಷಕ್ಕೆ 4,000 ಸುತ್ತಿನಲ್ಲಿ 60 ಅಶ್ವಶಕ್ತಿ. ನಮ್ಮ ದೇಶದಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳಿಂದ ನಮ್ಮ ಹಿರಿಯರು ಕಂಡ ಸರಕಾರವೆಂದರೆ ಧೂಳೆಬ್ಬಿಸಿಕೊಂಡು ಬರುವ ಜೀಪು. ಮುಂದೆ ಅದೇ ಗಾಡಿಗೆ ಡೀಸೆಲ್ ಎಂಜಿನ್ನು ಬಂದಿತು. ನಿಮ್ಮ ಗುಜರಿ ಅಂಗಡಿಗಳಲ್ಲಿ ಇಂದು ಹೆಚ್ಚಾಗಿ ಸಿಗುವುದು ಫ್ರಾನ್ಸಿನ ಪೂಜೋ ಕಂಪನಿಯ ನಮೂನೆಯ 2,112 ಸಿಸಿ ಡೀಸೆಲ್ ಎಂಜಿನ್ನು.

ಜೀಪಿನ ಎಂಜಿನ್ನು ನೀರಿನಲ್ಲಿ ನಡೆದೀತೆ ಎಂದು ಸಂದೇಹ ಪಡುವವರಿಗೆ ಒಂದು ಸಂಗತಿ. 1942ರಲ್ಲಿ ಅಮೆರಿಕದ ಸೈನ್ಯ ಜೀಪಿನ ಯಂತ್ರವನ್ನೇ ಇಟ್ಟುಕೊಂಡು, ಸುತ್ತ ದೋಣಿಯ ಒಡಲು ಕಟ್ಟಿ, ನೆಲದ ಮೇಲೂ ನೀರಿನ ಮೇಲೂ ಓಡುವ ಗಾಡಿಯನ್ನು ಮಾಡಿಸಿತು. 12,000ಕ್ಕೂ ಹೆಚ್ಚು ಗಾಡಿಗಳಾದವು. ಯುದ್ಧದಲ್ಲಿ ಭಾರತೀಯ ಸೈನ್ಯದ ಎಂಜಿನಿಯರ್ ದಳದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯದ ಬೆನ್ ಕಾರ್ಲಿನ್ ಎಂಬಾತ 1946ರಲ್ಲಿ ಬಂಗಾಲದ ವಿಮಾನ ನಿಲ್ದಾಣವೊಂದರಲ್ಲಿ ಅಂಥ ಗಾಡಿಯನ್ನು ಕಂಡ. ಆಮೇಲೆ ಒಂದನ್ನು ಕೊಂಡು, ತನ್ನ ಕೈಯಿಂದಲೇ ತಿದ್ದಿ, 1950ರಲ್ಲಿ ಹೆಂಡತಿಯೊಡನೆ ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಹೊರಟು 32 ದಿನಗಳಲ್ಲಿ ಅಟ್ಲಾಂಟಿಕ್ ನಡುವಿನ ಅಝೋರ್ಸ್ ದ್ವೀಪಗಳನ್ನು ಮುಟ್ಟಿದ. 1958ರ ಹೊತ್ತಿಗೆ ಅದರಲ್ಲೇ ಭೂಮಿಯನ್ನು ಸುತ್ತಿ ಮುಗಿಸಿದ. ಅಟ್ಲಾಂಟಿಕ್ ಸಮುದ್ರಕ್ಕೆ ಸಾಕಾದ ಎಂಜಿನ್ನು ಕಾಗಿಣಾಕ್ಕೆ ಸಾಲದೆ?

ಈ ವಾದವನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ಗಾಡಿಯ ಇನ್ನೊಂದು ಲೆಕ್ಕವನ್ನೂ ಕೇಳಿರಿ. ರಸ್ತೆಯ ಮೇಲೆ ಜೀಪು ಗಂಟೆಗೆ 100 ಕಿಲೋಮೀಟರ್ ಓಡುತ್ತಿತ್ತು. ನೀರಿನಲ್ಲಿ ಅದೇ 60 ಅಶ್ವಶಕ್ತಿಗೆ ಸಿಕ್ಕದ್ದು ಗಂಟೆಗೆ 9 ಕಿಲೋಮೀಟರ್ ಮಾತ್ರ. ಅದರ ಅಂಚು ನೀರಿಗೆ ಬಹಳ ಹತ್ತಿರವಿದ್ದುದರಿಂದ ಸಣ್ಣ ಅಲೆಗೂ ನೀರು ಒಳಗೆ ಬರುತ್ತಿತ್ತು. ಶಕ್ತಿ ಕಡಮೆಯಾಗಿತ್ತೆಂದು ಹೀಗಾಗಲಿಲ್ಲ. ನೀರಿನ ನಿಯಮವೇ ಹಾಗೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. 20 ಅಡಿ ಉದ್ದದ ದೋಣಿ ಗಂಟೆಗೆ ಸುಮಾರು 11 ಕಿಲೋಮೀಟರ್ ಮುಟ್ಟಿದಾಗ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಕೂತುಬಿಡುತ್ತದೆ. ಅದರ ಮೇಲೆ ನೀವು ಎಷ್ಟು ಎಣ್ಣೆ ಸುಟ್ಟರೂ ಅಲೆ ದೊಡ್ಡದಾಗುತ್ತದೆಯೇ ಹೊರತು ದೋಣಿ ಮುಂದೆ ಹೋಗುವುದಿಲ್ಲ. ಈಗ ಹೊಳೆಯ ಕಡೆ ನೋಡಿರಿ. ಪ್ರವಾಹದ ನೀರು ಸೆಕೆಂಡಿಗೆ 3 ಮೀಟರ್ ಹರಿದರೆ ಅದು ಗಂಟೆಗೆ ಸುಮಾರು 11 ಕಿಲೋಮೀಟರ್. ದೋಣಿ ತನ್ನ ಪೂರ್ತಿ ವೇಗದಲ್ಲಿ ಎದುರು ಹೊರಟರೂ ನಿಂತಲ್ಲೇ ನಿಂತಿರುತ್ತದೆ. ಒಂದು ಮರದ ಬೊಡ್ಡೆ ತೇಲಿ ಬಂದರೆ ಕಥೆ ಮುಗಿಯಿತು.

ಆದುದರಿಂದ ಮೊದಲ ಮಾತು ಇದು: ಜೀಪಿನ ಎಂಜಿನ್ನಿನ ದೋಣಿ ಪ್ರವಾಹದಲ್ಲಿ ಜನರನ್ನು ಎತ್ತುವ ದೋಣಿಯಲ್ಲ. ಅದಕ್ಕೆ ಬೇರೆಯೇ ದೋಣಿ ಬೇಕು. ತಳ ಚಪ್ಪಟೆಯಾಗಿದ್ದು, ಹಗುರವಾಗಿದ್ದು, ಹಿಂಬದಿಗೆ ತೂಗುಹಾಕಿದ ಮೋಟಾರಿನ ಬಲದಿಂದ ನೀರಿನ ಮೇಲ್ಮೈಗೆ ಎದ್ದು ಜಾರುವ ದೋಣಿ. ನಮ್ಮ ಜೀಪಿನ ಎಂಜಿನ್ನು ಗೇರುಪೆಟ್ಟಿಗೆ ಸೇರಿ ಎರಡು ಕ್ವಿಂಟಾಲಿನ ಹತ್ತಿರ ತೂಗುತ್ತದೆ. ಅದನ್ನು ಹೊತ್ತ ಸಣ್ಣ ದೋಣಿ ಹಾಗೆ ಏಳಲಾರದು. ನೆರೆ ಬಂದಾಗ ಜನರನ್ನು ಎತ್ತುವ ದೋಣಿ ಕೊಡುವುದು ಸರಕಾರದ ಕರ್ತವ್ಯ. ಹಳ್ಳಿಯವರು ಚಂದಾ ಎತ್ತಿ ಗುಜರಿಯಿಂದ ಮಾಡಿಕೊಂಡರೆಂದು ಆ ಕರ್ತವ್ಯದಿಂದ ಅವರನ್ನು ಬಿಡುಗಡೆ ಮಾಡಬಾರದು.

ಹಾಗಾದರೆ ಈ ಎಂಜಿನ್ನು ಯಾವುದಕ್ಕೆ? ನಿಂತ ನೀರಿಗೆ ಮತ್ತು ನಿಧಾನ ನೀರಿಗೆ. ಭೀಮೆಗೆ ಸನ್ನತಿಯಲ್ಲಿ ಬ್ಯಾರೇಜು ಕಟ್ಟಿದ ಮೇಲೆ ಹಿನ್ನೀರು ನಿಂತಿದೆ. ನೆರೆ ಇಳಿದ ಮೇಲೂ ವಾರಗಟ್ಟಲೆ ತುಂಬಿ ಹರಿಯುವ ಹೊಳೆಯಿದೆ. ಅಲ್ಲಿ ಹತ್ತು ಚೀಲ ಗೊಬ್ಬರ, ಎಂಟು ಮಂದಿ ಕೂಲಿಗಳು, ಶಾಲೆಯ ಮಕ್ಕಳು, ಒಂದು ಎತ್ತು ದಾಟಬೇಕಾದರೆ ಭಾರದ ದೋಣಿ ಬೇಕು, ಗಂಟೆಗೆ 6-7 ಕಿಲೋಮೀಟರ್ ವೇಗ ಸಾಕು. ಇಲ್ಲಿ ನಮಗೊಂದು ಅನುಕೂಲವೂ ಇದೆ. ನೀರಿನೊಳಗಿನ ಪಂಖದ ಸುತ್ತನ್ನು ಅರ್ಧ ಮಾಡಿದರೆ ಅದಕ್ಕೆ ಬೇಕಾಗುವ ಶಕ್ತಿ ಅರ್ಧವಾಗುವುದಿಲ್ಲ, ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಅವಸರ ಬಿಟ್ಟವನಿಗೆ ಹೊಳೆ ಅಗ್ಗವಾಗುತ್ತದೆ.

ಇನ್ನು ಕೆಲಸದ ಮಾತು. ಗಿರಣಿಯಲ್ಲಿ ಕೆಲಸ ಮಾಡುವ ನಿಮಗೆ ಇದರಲ್ಲಿ ಗೊತ್ತಿಲ್ಲದ ಯಂತ್ರಭಾಗ ಒಂದೂ ಇಲ್ಲ. ಪಂಪಿನ ಗ್ಲ್ಯಾಂಡಿಗೆ ಹುರಿ ತುಂಬಿದವರು, ಕಪ್ಲಿಂಗ್ ಸರಿಮಾಡಿದವರು, ಬೇರಿಂಗ್ ಬದಲಿಸಿದವರು ಇಲ್ಲಿ ನೂರು ಮಂದಿ ಇದ್ದೀರಿ. ಆದರೂ ದೋಣಿ ರಸ್ತೆಯ ಗಾಡಿಯಲ್ಲ ಎಂಬುದನ್ನು ಹೆಜ್ಜೆಹೆಜ್ಜೆಗೂ ನೆನಪಿಡಬೇಕು. ನಾನು ಅದನ್ನು ಮರೆತು ಕಲಿತವನು.

ಹಿಂದೊಮ್ಮೆ ಗೆಳೆಯರು ಕೂಡಿ ಒಂದು ಹಳೆಯ ಜೀಪಿನ ಎಂಜಿನ್ನನ್ನು ದೋಣಿಗೆ ಕೂಡಿಸಿದೆವು. ಗೇರುಪೆಟ್ಟಿಗೆ ಕೆಟ್ಟಿತ್ತು, ಅದನ್ನು ಬಿಟ್ಟು ಫ್ಲೈವೀಲಿಗೇ ಶಾಫ್ಟು ಕಚ್ಚಿಸಿ, ತುದಿಗೆ ಪಂಖ ಹಾಕಿದೆ. ಎರಡು ದಿನ ಚೆನ್ನಾಗಿ ಓಡಿತು. ಹೊಗಳಿಸಿಕೊಂಡೆ. ಮೂರನೆಯ ದಿನ ನಡುನೀರಿನಲ್ಲಿ ಎಂಜಿನ್ನು ಟಕಟಕ ಬಡಿದುಕೊಂಡು ನಿಂತಿತು. ಬಿಚ್ಚಿ ನೋಡಿದ ಮೇಲೆ ತಿಳಿಯಿತು: ಪಂಖ ನೀರನ್ನು ಹಿಂದಕ್ಕೆ ತಳ್ಳಿದಷ್ಟೇ ಬಲದಿಂದ ಶಾಫ್ಟು ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ದೋಣಿಯನ್ನು ಓಡಿಸುವುದು. ಅದನ್ನು ತಡೆದುಕೊಳ್ಳಲು ನಾನು ಏನನ್ನೂ ಇಟ್ಟಿರಲಿಲ್ಲ. ಪಾಪ, ಕ್ರ್ಯಾಂಕ್‌ಶಾಫ್ಟಿನ ತೆಳ್ಳನೆಯ ಥ್ರಸ್ಟ್ ವಾಷರು ಎರಡು ದಿನ ಇಡೀ ದೋಣಿಯನ್ನು ಹೊತ್ತು ಸವೆದುಹೋಗಿತ್ತು.

ನಡುನೀರಿನಲ್ಲಿ ನಾಲ್ಕು ಮಂದಿ ಕೂತಿದ್ದೆವು. ಹುಟ್ಟು ಇರಲಿಲ್ಲ, ಹಗ್ಗ ಇರಲಿಲ್ಲ. ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ಒಬ್ಬ ಮುದುಕ ಅಂಬಿಗ ಬಂದು ನಮ್ಮನ್ನು ದಂಡೆಗೆ ಎಳೆದುಕೊಂಡು ಹೋದ. ಅವನು ಬಯ್ಯಲಿಲ್ಲ. “ಎಪ್ಪಾ, ಎಂಜಿನ್ ಇಟ್ಟೀರಿ, ಛಲೋ ಆತು. ಹುಟ್ಟು ಯಾಕ ಇಟ್ಟಿಲ್ಲ?” ಎಂದು ಮಾತ್ರ ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ನಾವು ಯಂತ್ರ ಬಲ್ಲವರು, ಅವನು ಹೊಳೆ ಬಲ್ಲವನು. ಅಂಬಿಗರ ಚೌಡಯ್ಯನ ಕುಲದವರನ್ನು ಬಿಟ್ಟು ಫಿಟ್ಟರುಗಳಷ್ಟೇ ಕೂಡಿ ದೋಣಿ ಮಾಡಬಾರದು ಎಂಬುದು ಆ ದಿನ ಕಲಿತ ಪಾಠ.

ಆದುದರಿಂದ ಕೆಲಸ ಮಾಡುವವರು ಈ ಆರು ಸಂಗತಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಒಂದು, ಒತ್ತಡ. ಶಾಫ್ಟಿಗೆ ಬೇರೆಯೇ ಥ್ರಸ್ಟ್ ಬೇರಿಂಗು ಇಟ್ಟು, ಅದನ್ನು ದೋಣಿಯ ತಳದ ಗಟ್ಟಿ ತೊಲೆಗಳಿಗೆ ಬೋಲ್ಟು ಹಾಕಬೇಕು. ಎಂಜಿನ್ನಿಗೂ ಶಾಫ್ಟಿಗೂ ನಡುವೆ ರಬ್ಬರಿನ ಕಪ್ಲಿಂಗ್ ಇರಲಿ. ದಂಡೆಯ ಮೇಲೆ ಸರಿಮಾಡಿದ ಜೋಡಣೆ ನೀರಿಗಿಳಿಸಿದ ಮೇಲೆ ತಪ್ಪುತ್ತದೆ. ದೋಣಿಯ ಒಡಲು ಬಾಗುತ್ತದೆ. ನೀರಿನಲ್ಲಿ ತೇಲುತ್ತಿರುವಾಗ ಫೀಲರ್ ಗೇಜು ಹಿಡಿದು ಮತ್ತೊಮ್ಮೆ ನೋಡಬೇಕು.

ಎರಡು, ಸುತ್ತು. ಜೀಪಿನ ಎಂಜಿನ್ನು ಓಡುವ ಸುತ್ತಿನಲ್ಲಿ ದೊಡ್ಡ ಪಂಖವನ್ನು ತಿರುಗಿಸಿದರೆ ಅದು ನೀರನ್ನು ಕಡೆಯುತ್ತದೆ, ದೋಣಿಯನ್ನು ತಳ್ಳುವುದಿಲ್ಲ. ಎಂಜಿನ್ನು 2,000ದಲ್ಲಿ ತಿರುಗಿದರೆ ಪಂಖ 1,000ಕ್ಕಿಂತ ಮೇಲೆ ಹೋಗಬಾರದು. ಜೀಪಿನ ಗೇರುಪೆಟ್ಟಿಗೆಯ ಎರಡನೆಯ ಗೇರು ಸುತ್ತನ್ನು ಸುಮಾರು ಒಂದೂವರೆ ಪಟ್ಟು ಇಳಿಸುತ್ತದೆ. ಆದರೆ ದಿನವಿಡೀ ಅದೇ ಗೇರಿನಲ್ಲಿ ಭಾರ ಹೊರಲೆಂದು ಅದನ್ನು ಮಾಡಿಲ್ಲ. ಮೂರನೆಯ ಗೇರು ನೇರ. ಅದರಲ್ಲಿಟ್ಟು, ಹಿಟ್ಟಿನ ಗಿರಣಿಯಲ್ಲಿ ಇರುವಂತೆ ಒಂದು ಸಣ್ಣ, ಒಂದು ದೊಡ್ಡ ಪುಲ್ಲಿ ಹಾಕಿ, ಬೆಲ್ಟಿನಿಂದ ಸುತ್ತು ಇಳಿಸಿದರೆ ಹಿಂದೆ ಹೋಗಲು ರಿವರ್ಸ್ ಗೇರೂ ಉಳಿಯುತ್ತದೆ. ಬೆಲ್ಟಿಗೆ ಜಾಳಿಗೆಯ ಕಾವಲು ಕಡ್ಡಾಯ. ಸೀರೆಯ ಸೆರಗೂ ಮಕ್ಕಳ ಕೈಯೂ ಅದರ ಹತ್ತಿರ ಸುಳಿಯಬಾರದು.

ಮೂರು, ದುಡಿತ. ರಸ್ತೆಯಲ್ಲಿ ಎಂಜಿನ್ನಿಗೆ ಇಳಿಜಾರಿನಲ್ಲಿ ವಿಶ್ರಾಂತಿ ಉಂಟು. ನೀರಿನಲ್ಲಿ ಇಳಿಜಾರಿಲ್ಲ, ಹತ್ತಿದ ಕ್ಷಣದಿಂದ ಇಳಿಯುವ ತನಕ ಏರುದಾರಿಯೇ. ಅರವತ್ತು ಅಶ್ವಶಕ್ತಿಯ ಹಳೆಯ ಎಂಜಿನ್ನಿನಿಂದ ಇಪ್ಪತ್ತಕ್ಕಿಂತ ಹೆಚ್ಚು ಕೇಳಬೇಡಿರಿ. ಮನುಷ್ಯನಿಗೆ ಎಂಟು ಗಂಟೆಯ ದುಡಿತ ಎಂದು ಹೋರಾಡಿದ ನಾವು ಯಂತ್ರಕ್ಕೂ ಅಷ್ಟು ನ್ಯಾಯ ಮಾಡೋಣ.

ನಾಲ್ಕು, ತಂಪು. ಹೊಳೆಯ ನೀರನ್ನೇ ಎಂಜಿನ್ನಿನೊಳಗೆ ಹರಿಸಿದರೆ ಸಾಕಲ್ಲ ಎನ್ನುವವರಿದ್ದಾರೆ. ನಮ್ಮದು ಸುಣ್ಣಕಲ್ಲಿನ ಸೀಮೆ. ಸಿಮೆಂಟು ಆಗುವುದೂ ಫರಸಿ ಏಳುವುದೂ ಅದರಿಂದಲೇ. ಆ ನೀರು ಬಿಸಿಯಾದ ಕಡೆ ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ ಸುಣ್ಣದ ಹೊಪ್ಪಳಿಕೆ ಕಟ್ಟುತ್ತದೆ. ಮಳೆಗಾಲದಲ್ಲಿ ರಾಡಿಯೂ ಸೇರುತ್ತದೆ. ಎಂಜಿನ್ನಿನಲ್ಲಿ ಶುದ್ಧ ನೀರು ತುಂಬಿ, ಆ ನೀರನ್ನು ದೋಣಿಯ ತಳದ ಹೊರಗೆ ಹೊಳೆಯಲ್ಲಿ ಮುಳುಗಿರುವ ಕೊಳವೆಗಳಲ್ಲಿ ಸುತ್ತಿಸಿ ತಂಪು ಮಾಡುವುದು ಒಳ್ಳೆಯ ದಾರಿ. ಶಾಖವನ್ನು ಹೊಳೆ ಒಯ್ಯುತ್ತದೆ, ರಾಡಿ ಒಳಗೆ ಬರುವುದಿಲ್ಲ. ತೆರೆದ ದೋಣಿಯಾದರೆ ರೇಡಿಯೇಟರನ್ನೂ ಫ್ಯಾನನ್ನೂ ಇಟ್ಟುಕೊಂಡೇ ನಡೆಸಬಹುದು.

ಐದು, ಬೆಂಕಿ ಮತ್ತು ಹೊಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯ ಗಾಡಿಯಲ್ಲಿ ಸೋರಿದ್ದು ನೆಲಕ್ಕೆ ಬಿದ್ದು ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ಅದು ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಆದುದರಿಂದ ಪೆಟ್ರೋಲ್ ಎಂಜಿನ್ನು ಸಿಕ್ಕರೆ ಬೇಡ, ಡೀಸೆಲ್ ಎಂಜಿನ್ನನ್ನೇ ಹುಡುಕಿರಿ ಎಂಬುದು ನನ್ನ ಸಲಹೆ. ಹತ್ತು ಅಶ್ವಶಕ್ತಿ ತೆಗೆಯಲು ಹಳೆಯ ಪೆಟ್ರೋಲ್ ಎಂಜಿನ್ನು ಗಂಟೆಗೆ ಸುಮಾರು ನಾಲ್ಕು ಲೀಟರು ಕುಡಿದರೆ, ಡೀಸೆಲ್ ಎಂಜಿನ್ನು ಎರಡು-ಎರಡೂವರೆ ಲೀಟರಿನಲ್ಲಿ ಮುಗಿಸುತ್ತದೆ. ಹೊಗೆಯ ಕೊಳವೆ ಹಿಂದಕ್ಕೂ ಮೇಲಕ್ಕೂ ಹೋಗಲಿ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಮುಚ್ಚಿದ ಚಪ್ಪರದ ಕೆಳಗೆ ಕೂತವರನ್ನು ನಿದ್ದೆಯಲ್ಲೇ ಕೊಲ್ಲುತ್ತದೆ. ಬಿಸಿ ಕೊಳವೆಗೆ ಸುತ್ತಲು ಗಾಜಿನ ನೂಲಿನ ಪಟ್ಟಿ ತನ್ನಿರಿ. ಹಳೆಯ ಕಾರಖಾನೆಯ ಮೂಲೆಯಲ್ಲಿ ಬಿದ್ದಿರುವ ಆಸ್ಬೆಸ್ಟಾಸ್ ಹಗ್ಗವನ್ನು ಮುಟ್ಟಬೇಡಿರಿ. ಅದರ ಧೂಳು ಕಾರ್ಮಿಕರ ಶ್ವಾಸಕೋಶಕ್ಕೆ ಮಾಡಿದ ಕೇಡು ಸಾಕು.

ಆರು, ತೂಕ ಮತ್ತು ಜೀವ. ಎಂಜಿನ್ನು ಆದಷ್ಟು ಕೆಳಗೆ, ಉದ್ದಕ್ಕೂ ಅಗಲಕ್ಕೂ ನಡುವೆ ಕೂರಬೇಕು. ಹರಿಗೋಲಿಗೆ ಇದನ್ನು ಹೇರುವ ಯೋಚನೆಯನ್ನೇ ಬಿಡಿರಿ. ದುಂಡನೆಯ ಹರಿಗೋಲು ಬುಗುರಿಯಂತೆ ಸುತ್ತುತ್ತದೆ. ಎಷ್ಟು ಮಂದಿ ಎಂಬುದನ್ನು ದೋಣಿಯ ಮೇಲೆ ಬಣ್ಣದಲ್ಲಿ ಬರೆಯಬೇಕು, ಅದಕ್ಕಿಂತ ಒಬ್ಬನೂ ಹೆಚ್ಚಾಗಬಾರದು, ಅವನು ಪಂಚಾಯ್ತಿ ಅಧ್ಯಕ್ಷನಾದರೂ ಸರಿ. ತಲೆಗೊಂದು ಲೈಫ್ ಜಾಕೆಟು. ಎರಡು ಹುಟ್ಟು, ಒಂದು ಉದ್ದ ಹಗ್ಗ, ಒಂದು ಲಂಗರು. ದಂಡೆಯಲ್ಲಿ ಒಂದು ಕಲ್ಲು ನೆಟ್ಟು ಗುರುತು ಹಾಕಿರಿ: ನೀರು ಈ ಗೆರೆ ಮುಟ್ಟಿದ ಮೇಲೆ ದೋಣಿ ಬಿಡುವುದಿಲ್ಲ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಫಿಟ್ಟರ್ ಹೇಳಬಾರದು, ಅಂಬಿಗ ಹೇಳಲಿ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ಇಷ್ಟೆಲ್ಲ ಕಷ್ಟವಿದ್ದರೆ ಜೀಪಿನ ಎಂಜಿನ್ನೇ ಯಾಕೆ? ಸರಿಯಾದ ಪ್ರಶ್ನೆ. ಎಂಟು ಹತ್ತು ಮಂದಿ ದಾಟುವ ದೋಣಿಗೆ ನಿಮ್ಮ ಹೊಲದಲ್ಲಿರುವ ಡೀಸೆಲ್ ಪಂಪುಸೆಟ್ಟಿನ ಎಂಜಿನ್ನೇ ಮೇಲು. ಒಂದೇ ಸಿಲಿಂಡರು, ನಿಮಿಷಕ್ಕೆ 1,500 ಸುತ್ತು, ಹಗಲೆಲ್ಲ ಒಂದೇ ಭಾರದಲ್ಲಿ ಓಡಲೆಂದೇ ಹುಟ್ಟಿದ್ದು, ಹಳ್ಳಿಯ ಮಿಸ್ತ್ರಿಗೂ ಬಿಚ್ಚಿ ಕೂಡಿಸಲು ಬರುತ್ತದೆ. ಬಾಂಗ್ಲಾದೇಶದ ರೈತರು 1980ರ ದಶಕದಿಂದ ಇದನ್ನೇ ಮಾಡಿದರು. ಮಳೆಗಾಲದಲ್ಲಿ ಹೊಲಕ್ಕೆ ನೀರೆತ್ತುವ ಕೆಲಸವಿಲ್ಲ. ಪಂಪಿನ ಎಂಜಿನ್ನು ಸುಮ್ಮನೆ ಕೂತಿರುತ್ತದೆ. ದೋಣಿಗೆ ಕೆಲಸವಿರುವುದೂ ಆಗಲೇ. ಎಂಜಿನ್ನನ್ನು ದೋಣಿಗೆ ಏರಿಸಿದರು. ದೇಶದ ಹಾಯಿದೋಣಿಗಳ ಲೋಕವೇ ಬದಲಾಯಿತು. ವಿಯೆಟ್ನಾಮಿನ ಮೆಕಾಂಗ್ ನದಿಯ ರೈತರು 1960ರ ದಶಕದಲ್ಲಿ ಇದನ್ನು ತಿರುವುಮುರುವು ಮಾಡಿದರು: ದೋಣಿಯ ಮೋಟಾರಿನ ಪಂಖವನ್ನು ಕೊಳವೆಯೊಳಗೆ ತೂರಿಸಿ ಗದ್ದೆಗೆ ನೀರೆತ್ತಿದರು. ಸರಕಾರದ ಯಾವ ಯೋಜನೆಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಆದುದರಿಂದ ಎತ್ತು, ಗೊಬ್ಬರ ದಾಟಿಸುವ ದೊಡ್ಡ ದೋಣಿಗೆ ಜೀಪಿನ ಡೀಸೆಲ್ ಎಂಜಿನ್ನು. ಜನ ದಾಟುವ ಸಣ್ಣ ದೋಣಿಗೆ ಪಂಪುಸೆಟ್ಟು. ಇದು ನನ್ನ ಲೆಕ್ಕ.

ಈಗ ಮೂರನೆಯ ಮಾತು, ಎಲ್ಲಕ್ಕಿಂತ ದೊಡ್ಡದು: ದೋಣಿ ಯಾರದು?

1952ರ ಮೇ ತಿಂಗಳಲ್ಲಿ ಪಂಚಮಢಿಯ ಸಮ್ಮೇಳನದಲ್ಲಿ ಡಾ. ರಾಮಮನೋಹರ ಲೋಹಿಯಾ ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ದೊಡ್ಡ ಬಂಡವಾಳದ ದೊಡ್ಡ ಯಂತ್ರವನ್ನು ಯುರೋಪಿನಿಂದ ನಕಲು ಮಾಡಿದರೆ ನಮ್ಮಂಥ ದೇಶದ ಬಡತನ ಹೋಗದು; ಹಳ್ಳಿಯ ಕೈಗೆ ನಿಲುಕುವ, ಹಳ್ಳಿಯ ಬುದ್ಧಿಗೆ ತಿಳಿಯುವ ಯಂತ್ರ ಬೇಕೆಂಬುದು ಆ ವಿಚಾರದ ತಿರುಳು. ಗುಜರಿಯಿಂದ ಎದ್ದುಬರುವ ಈ ಎಂಜಿನ್ನು ಅಂಥ ಯಂತ್ರವೇ ಹೌದು. ಆದರೆ ಯಂತ್ರ ಸಣ್ಣದಾದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ.

ಕೇರಳದ ಕಡಲ ದಂಡೆಯನ್ನು ನೋಡಿರಿ. 1952ರ ಒಪ್ಪಂದದ ಮೇಲೆ ನಾರ್ವೆಯ ನೆರವಿನಿಂದ ನೀಂಡಕರದಲ್ಲಿ ಬಡ ಮೀನುಗಾರರ ದೋಣಿಗಳಿಗೆ ಎಂಜಿನ್ನು ಹಾಕುವ ಕೆಲಸ ಆರಂಭವಾಯಿತು. ಉದ್ದೇಶ ಒಳ್ಳೆಯದಿತ್ತು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದ ಮೇಲೆ ಬಂಡವಾಳವಿದ್ದವರು ತಳ ಬಾಚುವ ಟ್ರಾಲರುಗಳನ್ನು ಇಳಿಸಿದರು. ಹುಟ್ಟು ಹಾಕುವವನ ಬಲೆ ಬರಿದಾಯಿತು. ವರ್ಷಗಟ್ಟಲೆ ಹೋರಾಡಿದ ಮೇಲೆ, 1988ರಲ್ಲಿ ಮಳೆಗಾಲದ ಟ್ರಾಲಿಂಗಿಗೆ ಅಲ್ಲಿನ ಸರಕಾರ ನಿಷೇಧ ಹಾಕಿತು. ದೂರದ ಮಾತು ಯಾಕೆ? ನಮ್ಮ ಭೀಮೆಯಲ್ಲೇ ಎಂಜಿನ್ನಿನ ದೋಣಿ ಎಂದರೆ ಜನರ ಕಣ್ಣಮುಂದೆ ಬರುವುದು ಯಾವುದು? ರಾತ್ರಿ ಮರಳು ಎತ್ತುವ ದೋಣಿ. ಅದೂ ಹಳೆಯ ಎಂಜಿನ್ನೇ, ಅದನ್ನು ಕೂಡಿಸಿದವನೂ ನಮ್ಮಂಥ ಮಿಸ್ತ್ರಿಯೇ. ಹೊಳೆ ಅಗೆದುಹೋದ ಮೇಲೆ ದಂಡೆಯ ಹೊಲ ಕುಸಿದದ್ದು ಬಡ ರೈತನದು, ಹಣ ಸೇರಿದ್ದು ಇನ್ನಾರದೋ ಪೆಟ್ಟಿಗೆಗೆ.

ಆದುದರಿಂದ ದೋಣಿ ಸಹಕಾರ ಸಂಘದ ಹೆಸರಿನಲ್ಲಿರಬೇಕು. ಸಹಕಾರ ನಮಗೆ ಪರದೇಶದ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮತ್ತು ಊರವರು ಕೂಡಿ ಕಟ್ಟಿದ ಸಂಘದಿಂದ ಈ ನಾಡಿನ ಸಹಕಾರ ಚಳವಳಿ ಮೊದಲಾಯಿತು. ಹೊಳೆಯ ದಂಡೆಯ ಪ್ರತಿ ಮನೆಯೂ ಒಂದು ಪಾಲು ತೆಗೆದುಕೊಳ್ಳಲಿ. ಇಷ್ಟು ದಿನ ಹರಿಗೋಲು ನಡೆಸಿ ಹೊಟ್ಟೆ ಹೊರೆದ ಅಂಬಿಗನ ಅನ್ನವನ್ನು ಎಂಜಿನ್ನು ಕಸಿಯಬಾರದು. ಚುಕ್ಕಾಣಿ ಅವನ ಕೈಗೇ ಕೊಡಿರಿ, ತಿಂಗಳ ಸಂಬಳ ಗೊತ್ತುಮಾಡಿರಿ. ಬಸುರಿ, ಬಾಣಂತಿ, ರೋಗಿ, ಶಾಲೆಯ ಮಕ್ಕಳಿಗೆ ದುಡ್ಡು ಕೇಳಬಾರದು. ಹೊಳೆ ದಾಟಿಸುವಾಗ ಜಾತಿ ಕೇಳುವ ದೋಣಿ ನಮ್ಮ ಕೈಯಿಂದ ಆಗಬಾರದು.

ಕಾಯಿದೆಯ ಮಾತನ್ನೂ ಮರೆಯಬೇಡಿರಿ. 1917ರ ಹಳೆಯ ಕಾಯಿದೆಯನ್ನು ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದಿದೆ. ಎಂಜಿನ್ನು ಹಾಕಿದ ದೋಣಿಯನ್ನು ತಪಾಸಣೆ ಮಾಡಿಸಬೇಕು, ನೋಂದಣಿ ಮಾಡಿಸಬೇಕು. ಚಂದ್ರಂಪಳ್ಳಿಯ ಕೆರೆ ಚಿಂಚೋಳಿಯ ಕಾಡಿನೊಳಗಿದೆ; ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ದೋಣಿ ಇಳಿಸಬೇಡಿರಿ. ವರ್ತಕ ಮಿತ್ರರಿಗೆ ಒಂದು ಮಾತು: ಜೀಪು ಒಡೆಯುವ ಮೊದಲು ಅದರ ನೋಂದಣಿ ರದ್ದಾದ ಕಾಗದವನ್ನು ತೆಗೆದಿಡಿರಿ, ಎಂಜಿನ್ನಿನ ನಂಬರು ಬರೆದ ರಸೀದಿ ಕೊಡಿರಿ. ಕದ್ದ ಗಾಡಿಯ ಎಂಜಿನ್ನಿನ ಮೇಲೆ ಊರಿನ ಮಕ್ಕಳನ್ನು ದಾಟಿಸುವುದು ಬೇಡ.

ಕೊನೆಯದಾಗಿ ಒಂದು ಎಚ್ಚರಿಕೆ. ದೋಣಿ ಓಡತೊಡಗಿದ ದಿನ ಸಾಹೇಬರು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಹಳ್ಳಿಯ ಜಾಣತನವನ್ನು ಹೊಗಳುತ್ತಾರೆ. ಆಮೇಲೆ ಸೇತುವೆಯ ಅರ್ಜಿ ಕೊಟ್ಟರೆ, “ನಿಮಗೆ ದೋಣಿ ಇದೆಯಲ್ಲ” ಎಂದು ಕೇಳುತ್ತಾರೆ. ನಮ್ಮ ಜಾಣತನವೇ ನಮ್ಮ ಕೊರಳಿಗೆ ಉರುಳಾಗಬಾರದು. ಈ ಸೀಮೆಗೆಂದು 371ಜೆ ಕಲಮು ಸಂವಿಧಾನದಲ್ಲಿ ಸೇರಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೈಯಲ್ಲಿ ಹಣವಿದೆ. ಮುಳುಗುವ ಸೇತುವೆಗಳನ್ನು ಎತ್ತರಿಸಿರಿ, ಹೊಳೆಯ ದಂಡೆಯ ಪ್ರತಿ ಹೋಬಳಿಗೂ ನೆರೆಯ ದೋಣಿ ಮತ್ತು ತರಬೇತಿಯಾದ ಮಂದಿಯನ್ನು ಕೊಡಿರಿ ಎಂಬ ಬೇಡಿಕೆಯನ್ನು ದೋಣಿ ನೀರಿಗಿಳಿಯುವ ದಿನವೇ ಬರೆದು ಕೊಡಬೇಕು. ಒಂದು ಕೈಯಲ್ಲಿ ಪಾನಾ, ಒಂದು ಕೈಯಲ್ಲಿ ಅರ್ಜಿ. ಅರ್ಜಿಯನ್ನು ಬಿಟ್ಟು ಪಾನಾ ಹಿಡಿದರೆ ಸರಕಾರ ನಿದ್ದೆ ಹೋಗುತ್ತದೆ; ಪಾನಾ ಬಿಟ್ಟು ಅರ್ಜಿಯನ್ನಷ್ಟೇ ಹಿಡಿದರೆ ಈ ಮಳೆಗಾಲವೂ ಹೀಗೆಯೇ ಕಳೆಯುತ್ತದೆ.

ಹಳ್ಳಿಯಿಂದ ಬಂದ ಬಂಧುಗಳಿಗೆ ನನ್ನ ಉತ್ತರ ಇಷ್ಟು. ನಾವು ಕೆಲಸಕ್ಕೆ ಬರುತ್ತೇವೆ. ರವಿವಾರದ ರಜೆಯಲ್ಲಿ ಬರುತ್ತೇವೆ, ಕೂಲಿ ಬೇಡ. ಬರುವ ಮೊದಲು ನಿಮ್ಮೂರಿನ ಅಂಬಿಗನನ್ನು ಕರೆಸಿ ನಮ್ಮ ಜೊತೆ ಕೂರಿಸಿರಿ. ಎಂಜಿನ್ನು ಎತ್ತುವುದಕ್ಕಿಂತ ಮುಂಚೆ ಎರಡು ಹುಟ್ಟು ಮಾಡಿಸಿಡಿರಿ.